ಎಣ್ಣೆ ಈಗ ಎಲ್ಲಿ ನಿಂತಿದೆ?

ಕೊರಟಗೆರೆ ಸೀಮೆಯ ಕೊಳಾಲದ ಕಡೆ ಟ್ರ್ಯಾಕ್ಟರ್ ಇಟ್ಟವರಿಗೆಲ್ಲ ಒಂದು ನಿಯಮ ಬಾಯಿಪಾಠ. ಬೆಳಿಗ್ಗೆ ಸ್ಟಾರ್ಟ್ ಮಾಡುವುದಕ್ಕೆ ಮುಂಚೆ ಆಯಿಲ್ ಕಡ್ಡಿ ಎಳೆದು ನೋಡಬೇಕು. ರಾತ್ರಿಯಿಡೀ ನಿಂತ ಎಂಜಿನ್ನಿನ ಎಣ್ಣೆಯೆಲ್ಲ ಇಳಿದು ತಳದ ಚೇಂಬರ್ ಸೇರಿರುತ್ತದೆ, ಆಗ ಕಡ್ಡಿ ತೋರಿಸಿದ್ದೇ ಲೆಕ್ಕ. ಟ್ರ್ಯಾಕ್ಟರಿನ ಮಟ್ಟಿಗೆ ಈ ಮಾತು ನಿಜ. ಅದೇ ಮನೆಯ ಜಗಲಿ ಪಕ್ಕ ನಿಂತಿರುವ ಎರಕದ ಎಂಜಿನ್ನಿನ ಹಳೇ ಬುಲೆಟ್ಟಿಗೆ ಸುಳ್ಳು. ಭಾನುವಾರ ಬೆಳಕು ಹರಿಯುವ ಮುನ್ನ ಬೆಂಗಳೂರು ಬಿಟ್ಟು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ಕಡೆಗೆ ಹೋಗಿಬರುವ ಪೋರ್ಷೆ, ಫೆರಾರಿಗಳಿಗಂತೂ ಜೇಬು ಸುಡುವ ಸುಳ್ಳು.

ಈ ವಿಷಯವನ್ನು ಜನ ಸಾಮಾನ್ಯವಾಗಿ ‘ಬಿಸಿಯಲ್ಲಿ ನೋಡಬೇಕೋ ತಣ್ಣಗಿದ್ದಾಗ ನೋಡಬೇಕೋ’ ಎಂಬ ವಾದಕ್ಕೆ ಇಳಿಸಿಬಿಡುತ್ತಾರೆ. ವಾದ ಎಂದೂ ಮುಗಿಯುವುದಿಲ್ಲ, ಏಕೆಂದರೆ ಎರಡೂ ಕಡೆಯವರು ತಮ್ಮ ತಮ್ಮ ಗಾಡಿಯ ಮಟ್ಟಿಗೆ ಸರಿ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕ್ಷಣದಲ್ಲಿ ಎಂಜಿನ್ನಿನ ಎಣ್ಣೆ ಎಲ್ಲಿ ನಿಂತಿದೆ? ಕಡ್ಡಿ ಅಳೆಯುವುದು ಎಂಜಿನ್ನಿನಲ್ಲಿರುವ ಒಟ್ಟು ಎಣ್ಣೆಯನ್ನಲ್ಲ, ತಾನು ಮುಳುಗಿರುವ ಜಾಗದ ಎಣ್ಣೆಯನ್ನು ಮಾತ್ರ. ಮಿಕ್ಕದ್ದು ಆ ಹೊತ್ತಿಗೆ ಫಿಲ್ಟರಿನಲ್ಲಿರಬಹುದು, ಹೆಡ್ಡಿನಲ್ಲಿರಬಹುದು, ಕೂಲರಿನಲ್ಲಿರಬಹುದು. ಹಾಗಾಗಿ ಒಳ್ಳೆಯ ಮೆಕ್ಯಾನಿಕ್ ಕಡ್ಡಿಗೆ ಕೈ ಹಾಕುವ ಮುಂಚೆ ಬಾಯಿ ತೆರೆಯುತ್ತಾನೆ: “ಗಾಡಿ ಆಫ್ ಮಾಡಿ ಎಷ್ಟೊತ್ತಾಯ್ತು ಸಾರ್?” ಈ ಪ್ರಶ್ನೆ ಕೇಳದೆ ಕಡ್ಡಿ ಎಳೆದವನು ಹೇಳುವ ಮಟ್ಟವನ್ನು ನಂಬಬೇಕಾಗಿಲ್ಲ.

ಬೆಳಗಿನ ನಿಯಮ ನಮ್ಮ ಕಡೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಬಾವಿಯ ಮೇಲಿನ ಡೀಸೆಲ್ ಎಂಜಿನ್ನುಗಳಿಂದ ಎಂದು ನನ್ನ ಅಂದಾಜು. ಮಧುಗಿರಿ, ಕೊರಟಗೆರೆ ಸೀಮೆಯ ತೋಟಗಳಿಗೆ ಕರೆಂಟಿನ ಪಂಪ್‌ಸೆಟ್ ಬರುವ ಮೊದಲು ನೀರೆತ್ತಿದ್ದು ಅವೇ. ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರಿನ ಎಂಜಿನ್ನುಗಳಲ್ಲಿ ಎಣ್ಣೆ ಹಂಚುವ ಏರ್ಪಾಡು ಬಹಳ ಸರಳ. ಕನೆಕ್ಟಿಂಗ್ ರಾಡಿನ ತಳಕ್ಕೆ ಒಂದು ಸಣ್ಣ ಮೂತಿ ಇರುತ್ತದೆ. ಪ್ರತಿ ಸುತ್ತಿಗೂ ಅದು ಚೇಂಬರಿನ ಎಣ್ಣೆಗೆ ಅದ್ದಿ ಎದ್ದು ಒಳಗೆಲ್ಲ ಎರಚುತ್ತದೆ. ಬೇರಿಂಗಿಗೆ, ಪಿಸ್ಟನ್ನಿಗೆ ಸಿಗುವುದು ಆ ಎರಚಲೇ. ಮಟ್ಟ ಕಮ್ಮಿಯಾದರೆ ಮೂತಿ ಎಣ್ಣೆ ಮುಟ್ಟುವುದಿಲ್ಲ, ಎಂಜಿನ್ ಸೀಜ್ ಆಗುತ್ತದೆ. ಜಾಸ್ತಿಯಾದರೆ ಎಣ್ಣೆಯಲ್ಲೇ ಈಜಿದಂತಾಗಿ ಹೊಗೆ ಕಕ್ಕುತ್ತದೆ. ಅಲ್ಲಿ ಮಟ್ಟವೇ ಜೀವ. ದಿನಾ ಬೆಳಿಗ್ಗೆ ನೋಡುವ ಅಭ್ಯಾಸ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಎಂಜಿನ್ನುಗಳು ಹೋದವು, ಅಭ್ಯಾಸ ಟ್ರ್ಯಾಕ್ಟರಿಗೆ ದಾಟಿತು. ಟ್ರ್ಯಾಕ್ಟರಿನಿಂದ ಕಾರಿಗೂ ದಾಟಿತು.

ಸಾಮಾನ್ಯ ಕಾರುಗಳಲ್ಲಿ ಇದು ಅಂಥ ಹಾನಿ ಮಾಡುವುದಿಲ್ಲ. ಅವುಗಳದ್ದು ವೆಟ್ ಸಂಪ್, ಅಂದರೆ ಎಣ್ಣೆಯೆಲ್ಲ ಕ್ರ್ಯಾಂಕಿನ ಕೆಳಗಿನ ಚೇಂಬರಿನಲ್ಲೇ ಇರುತ್ತದೆ. ಪಂಪು ಅಲ್ಲಿಂದ ಮೇಲಕ್ಕೆತ್ತಿ ತಳ್ಳಿದ್ದು ತಾನಾಗಿ ಮತ್ತೆ ಅಲ್ಲಿಗೇ ಇಳಿಯುತ್ತದೆ. ಬಿಸಿ ಎಂಜಿನ್ ನಿಲ್ಲಿಸಿ ಐದು ನಿಮಿಷ ಕಾದು ನೋಡಿ ಎಂದು ಮ್ಯಾನ್ಯುಯಲ್‌ಗಳು ಹೇಳುವುದು ಈ ಇಳಿಯುವಿಕೆಗೆ ಸಮಯ ಕೊಡಲಿಕ್ಕೆ. ಆಫ್ ಮಾಡಿದ ಕೂಡಲೇ ನೋಡಿದರೆ ಕಮ್ಮಿ ತೋರಿಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹುಡುಗ ಬಾನೆಟ್ ಎತ್ತಿ, “ಆಯಿಲ್ ಕಮ್ಮಿ ಇದೆ ಸಾರ್, ಅರ್ಧ ಲೀಟರ್ ಹಾಕ್ಲಾ?” ಎಂದು ಕೇಳುವ ಅರ್ಧ ಲೀಟರು ಬಹಳ ಸಲ ಇನ್ನೂ ಮೇಲಿನಿಂದ ಇಳಿಯುತ್ತಲೇ ಇರುತ್ತದೆ.

ಇನ್ನು ಬುಲೆಟ್. ಎರಕದ ಕಬ್ಬಿಣದ ಸಿಲಿಂಡರಿದ್ದ ಹಳೇ ಬುಲೆಟ್ಟಿನದ್ದು ಡ್ರೈ ಸಂಪ್. ಕ್ರ್ಯಾಂಕಿನ ಕೆಳಗೆ ಎಣ್ಣೆ ನಿಲ್ಲಬಾರದು. ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಬೇರೆಯಾಗಿ ಮಾಡಿದ ಎಣ್ಣೆ ತೊಟ್ಟಿಯಲ್ಲಿ ಅದು ಇರಬೇಕು. ಒಂದು ಪಂಪು ತೊಟ್ಟಿಯಿಂದ ಎಂಜಿನ್ನಿಗೆ ಕೊಡುತ್ತದೆ, ಇನ್ನೊಂದು ಕ್ರ್ಯಾಂಕಿನ ಕೆಳಗೆ ಬಿದ್ದದ್ದನ್ನು ಎಳೆದು ತೊಟ್ಟಿಗೆ ವಾಪಸು ಕಳಿಸುತ್ತದೆ. ಗಾಡಿ ನಾಲ್ಕು ದಿನ ನಿಂತರೆ ತೊಟ್ಟಿಯ ಎಣ್ಣೆ ಪಂಪಿನ ಸಂದುಗಳಲ್ಲಿ ಜಿನುಗಿ ಕ್ರ್ಯಾಂಕಿನ ಕಡೆಗೆ ಸೇರಿಕೊಳ್ಳುತ್ತದೆ. ಐದನೇ ದಿನ ಬೆಳಿಗ್ಗೆ ಮುಚ್ಚಳದ ಕಡ್ಡಿ ತೆಗೆದರೆ ಒಣಗಿದೆ. ‘ಅಯ್ಯೋ, ಎಣ್ಣೆಯೇ ಇಲ್ಲ’ ಎಂದು ಮುಕ್ಕಾಲು ಲೀಟರ್ ಸುರಿದರೆ ಮುಗಿಯಿತು. ಕಿಕ್ ಹೊಡೆದ ಹತ್ತು ನಿಮಿಷಕ್ಕೆ ಹಿಂತಿರುಗಿದ ಹಳೆಯದೂ ಸುರಿದ ಹೊಸದೂ ಸೇರಿ ಬ್ರೀದರ್ ಪೈಪಿನಿಂದ ಆಚೆ ಬರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಏಳುತ್ತದೆ. ಆ ಗಾಡಿ ಹಿಡಿಸುವುದು ಸುಮಾರು ಎರಡೂಕಾಲು ಲೀಟರ್. ಅದರಲ್ಲಿ ಮುಕ್ಕಾಲು ಲೀಟರ್ ಹೆಚ್ಚಾದರೆ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕಿ. ಹಳೇ ಬುಲೆಟ್ ಮೇಸ್ತ್ರಿಗಳು ಇದನ್ನು ಬಲ್ಲರು. ಮೊದಲು ಓಡಿಸು, ಬಿಸಿ ಮಾಡು, ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡು ಎನ್ನುತ್ತಾರೆ. ಕೊರಟಗೆರೆಯಲ್ಲೋ ಮಧುಗಿರಿಯಲ್ಲೋ ಅಂಥ ಒಬ್ಬ ಮೇಸ್ತ್ರಿ ಸಿಕ್ಕರೆ, ಸ್ಪೋರ್ಟ್ಸ್ ಕಾರನ್ನು ಅವನು ಕಣ್ಣಲ್ಲೂ ಕಂಡಿರದಿದ್ದರೂ, ಅದರ ಎಣ್ಣೆಯ ಗುಟ್ಟು ಅವನಿಗೆ ಅರ್ಧ ಗೊತ್ತಿದೆ ಎಂದೇ ತಿಳಿಯಬೇಕು.

ಏಕೆಂದರೆ ಪೋರ್ಷೆ 911ರ ಏರ್ಪಾಡೂ ಅದೇ. ಏರ್‌ಕೂಲ್ಡ್ ಎಂಜಿನ್ನಿನ ಕಾಲದ, ಅಂದರೆ 1998ರವರೆಗಿನ 911ಗಳಲ್ಲಿ ಎಣ್ಣೆ ತೊಟ್ಟಿ ಎಂಜಿನ್ನಿನ ಹೊರಗೆ, ಬಲಗಡೆಯ ಹಿಂಚಕ್ರದ ಬಳಿ ಇರುತ್ತದೆ. ಕೊನೆಕೊನೆಯ ಮಾದರಿಗಳಲ್ಲಿ ಒಟ್ಟು ಎಣ್ಣೆ ಹತ್ತು ಲೀಟರಿಗೂ ಮೇಲೆ. ಇಷ್ಟೆಲ್ಲ ರಗಳೆ ತಿರುವುಗಳ ಕಾರಣಕ್ಕೆ. ಕಾರು ತಿರುವಿನಲ್ಲಿ ಪಕ್ಕಕ್ಕೆ ಭೂಮಿಯ ಗುರುತ್ವದಷ್ಟೇ ಜೋರಾಗಿ ಎಳೆಸಿಕೊಂಡರೆ ಚೇಂಬರಿನ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಒಳ್ಳೆಯ ಟೈರಿನ ಸ್ಪೋರ್ಟ್ಸ್ ಕಾರಿಗೆ ಇದು ದೊಡ್ಡ ಸಾಹಸವೇನಲ್ಲ. ವೆಟ್ ಸಂಪಿನಲ್ಲಿ ಆಗ ಎಣ್ಣೆಯೆಲ್ಲ ಒಂದು ಗೋಡೆಗೆ ಹತ್ತಿಕೊಂಡು, ಪಂಪಿನ ಬಾಯಿ ಗಾಳಿ ಕುಡಿಯುತ್ತದೆ. ಬೇರಿಂಗ್ ಹಾಳಾಗಲು ಅಂಥ ಕೆಲವೇ ಕ್ಷಣ ಸಾಕು. ಎತ್ತರದ, ಸಪೂರ ತೊಟ್ಟಿಯಲ್ಲಿ ಎಣ್ಣೆಯಿಟ್ಟರೆ ಎಷ್ಟು ವಾಲಿದರೂ ತಳದ ಬಾಯಿ ಮುಳುಗಿಯೇ ಇರುತ್ತದೆ. ಕೆಳಗೆ ಆಳದ ಚೇಂಬರು ಬೇಡವಾದ್ದರಿಂದ ಎಂಜಿನ್ನನ್ನೂ ನೆಲಕ್ಕೆ ಇನ್ನಷ್ಟು ಹತ್ತಿರ ಕೂರಿಸಬಹುದು. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್ಎಲ್ ಇದನ್ನು ರಸ್ತೆ ಕಾರಿನಲ್ಲೇ ಮಾಡಿ ತೋರಿಸಿತು. ತುಮಕೂರು ಸುತ್ತಿನ ಮಣ್ಣುದಾರಿಗಳಲ್ಲಿ ನಡೆದಿರುವ ಕೆ-1000 ರ‍್ಯಾಲಿಯಂಥ ಸ್ಪರ್ಧೆಗಳಲ್ಲಿ ಓಡುವ ಸಾಮಾನ್ಯ ಕಾರುಗಳಿಗೆ ಈ ಭಾಗ್ಯವಿಲ್ಲ. ಚೇಂಬರಿನೊಳಗೆ ತಡೆಗೋಡೆ, ಕೆಳಗೆ ಕಲ್ಲು ಬಡಿಯದಂತೆ ಗಾರ್ಡು, ಮಟ್ಟದ ಮೇಲೆ ಸದಾ ಒಂದು ಕಣ್ಣು, ಇಷ್ಟರಲ್ಲೇ ಅವು ಬದುಕಬೇಕು.

911ರ ತೊಟ್ಟಿಯದು ಒಂದು ಮೋಜಿನ ಕತೆಯಿದೆ. 1972ರ ಮಾದರಿಯಲ್ಲಿ ತೂಕ ಹಂಚಿಕೆ ಸುಧಾರಿಸಲೆಂದು ತೊಟ್ಟಿಯನ್ನು ಹಿಂಚಕ್ರದ ಮುಂದಕ್ಕೆ ತಂದರು. ಎಣ್ಣೆ ಹಾಕುವ ಬಾಯಿ ಬಲಗಡೆ ಬಾಗಿಲ ಹಿಂದೆ, ಹೊರಮೈಯಲ್ಲೇ ಬಂತು, ಮೇಲೊಂದು ಪುಟ್ಟ ಮುಚ್ಚಳ. ನೋಡಲು ಥೇಟ್ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಬಂಕಿನವರು ಅದನ್ನು ತೆರೆದು ಎಣ್ಣೆ ತೊಟ್ಟಿಗೆ ಪೆಟ್ರೋಲ್ ತುಂಬಿದ ಪ್ರಸಂಗಗಳಾದವು. ಮರುವರ್ಷವೇ ತೊಟ್ಟಿ ಹಳೇ ಜಾಗಕ್ಕೆ ಹೋಯಿತು. ಜಗತ್ತಿನ ಜಾಣ ಎಂಜಿನಿಯರುಗಳ ಲೆಕ್ಕದಲ್ಲೂ ಬಂಕಿನ ಹುಡುಗ ಬಿಟ್ಟುಹೋಗಿದ್ದ ಎಂಬುದು ನನಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿ.

ಈ ಹಳೇ 911ಗಳ ಎಣ್ಣೆ ನೋಡುವ ಕ್ರಮ ಹೀಗೆ: ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಕಾರು ಮಟ್ಟಸ ನೆಲದಲ್ಲಿರಬೇಕು, ಮತ್ತು ಎಂಜಿನ್ ಐಡಲ್‌ನಲ್ಲಿ ಓಡುತ್ತಲೇ ಇರಬೇಕು. ನಮ್ಮ ಟ್ರ್ಯಾಕ್ಟರ್ ಮನಸ್ಸಿಗೆ ಇದು ಒಗ್ಗುವುದೇ ಕಷ್ಟ. ಓಡುವ ಎಂಜಿನ್ನಿನ ಕಡ್ಡಿ ಎಳೆಯುವುದೆ? ಆದರೆ ಓಡುವಾಗ ಮಾತ್ರ ವಾಪಸು ಪಂಪು ಕ್ರ್ಯಾಂಕ್‌ಕೇಸನ್ನು ಖಾಲಿ ಇಟ್ಟು ಎಣ್ಣೆಯೆಲ್ಲ ತೊಟ್ಟಿಯಲ್ಲಿರುವಂತೆ ನೋಡಿಕೊಳ್ಳುತ್ತದೆ. ಎಂಜಿನ್ ಬಿಸಿಯಾಗದೆ ಥರ್ಮೋಸ್ಟಾಟ್ ತೆರೆಯುವುದಿಲ್ಲ, ಅದು ತೆರೆಯದೆ ಕೂಲರಿನ ಎಣ್ಣೆ ಸುತ್ತಾಟಕ್ಕೆ ಬರುವುದಿಲ್ಲ. ತಣ್ಣಗೆ ನಿಂತ 911ರ ಕಡ್ಡಿ ಒಣಗಿರುವುದು ರೋಗವಲ್ಲ, ಸಹಜ. ಅದನ್ನು ಕಂಡು ಎರಡು ಲೀಟರ್ ಸುರಿದವರಿಗೆ ಆಗುವ ಗತಿ ಹಳೇ ಬುಲೆಟ್ಟಿನದ್ದೇ, ಬಿಲ್ಲು ಮಾತ್ರ ಬೇರೆ. ಫೆರಾರಿ 360ರಂಥವಕ್ಕೂ ಇದೇ ಕ್ರಮ. ಆದರೆ ಡ್ರೈ ಸಂಪ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಷೆವರ್ಲೆ ಕಾರ್ವೆಟ್ಟಿನ ಡ್ರೈ ಸಂಪ್ ಮಾದರಿಗಳಲ್ಲಿ ಬಿಸಿ ಎಂಜಿನ್ ಆಫ್ ಮಾಡಿ ಐದು ನಿಮಿಷ ಕಾದು ನೋಡಬೇಕು. ಕಡ್ಡಿಯ ಗೆರೆಗಳನ್ನು ಯಾವ ಸ್ಥಿತಿಗೆಂದು ಕೊರೆದಿದ್ದಾರೋ ಆ ಸ್ಥಿತಿಯಲ್ಲೇ ನೋಡಬೇಕು, ಬೇರೆ ದಾರಿಯಿಲ್ಲ.

ಕ್ರಮ ಗೊತ್ತಾದ ಮೇಲೂ ಅಳತೆ ಕೆಡಿಸುವ ಸಂಗತಿಗಳಿವೆ. ಮೊದಲನೆಯದು ನೆಲ. ಡಾಂಬರು ರಸ್ತೆಗೆ ಮಳೆನೀರು ಇಳಿದುಹೋಗಲೆಂದು ನಡುವಿನಿಂದ ಪಕ್ಕಕ್ಕೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಕಡ್ಡಿ ಚೇಂಬರಿನ ನಡುವಿನಿಂದ 15 ಸೆಂಟಿಮೀಟರ್ ಆಚೆಗಿದ್ದರೆ ಅಷ್ಟು ಇಳಿಜಾರಿಗೇ ಮಟ್ಟ ಸುಮಾರು 4 ಮಿಲಿಮೀಟರ್ ಏರುಪೇರಾಗುತ್ತದೆ. ಕಡ್ಡಿಯ ಎರಡು ಗೆರೆಗಳ ನಡುವೆ 16 ಮಿಲಿಮೀಟರ್ ಅಂತರ, ಅದರ ಅರ್ಥ ಒಂದು ಲೀಟರ್ ಎಂದಿಟ್ಟುಕೊಂಡರೆ, ಕಾಲು ಲೀಟರ್ ಲೆಕ್ಕ ಅಲ್ಲೇ ತಪ್ಪಿತು. ರಸ್ತೆ ಬಿಟ್ಟು ಬದಿಯ ಮಣ್ಣಿಗೆ ಇಳಿಸಿ ನಿಲ್ಲಿಸಿದರೆ ಇನ್ನೂ ಹೆಚ್ಚು. ಪೆಟ್ರೋಲ್ ಬಂಕಿನ ಕಾಂಕ್ರೀಟು ಸಮತಟ್ಟು ಎಂದು ಎಲ್ಲರೂ ನಂಬುತ್ತಾರೆ, ನೀರು ಹರಿಯಲೆಂದು ಅದಕ್ಕೂ ವಾಟ ಕೊಟ್ಟಿರುತ್ತದೆ. ನಮ್ಮ ಕಡೆ ನಂಬಬಹುದಾದ ಮಟ್ಟಸ ಜಾಗವೆಂದರೆ ವೇಬ್ರಿಡ್ಜ್. ಕಡಲೆಕಾಯಿ, ಹುಣಸೆ ತೂಗುವ ಕಡೆಯ ಆ ಕಬ್ಬಿಣದ ಹಾಸು ಮಟ್ಟಸವಾಗಿರದಿದ್ದರೆ ತೂಕವೇ ಕೆಡುತ್ತದೆ. ಅದೂ ಸಿಗದಿದ್ದರೆ ಗಾರೆಯವರ ಹತ್ತಿರ ರಸಮಟ್ಟ ಈಸಿಕೊಂಡು ಮನೆ ಮುಂದಿನ ಜಾಗ ಒಮ್ಮೆ ನೋಡಿ ಗುರುತು ಹಾಕಿಟ್ಟುಕೊಂಡರೆ ಆಯಿತು. ಪ್ರತಿ ಸಲ ಅದೇ ಜಾಗ, ಅದೇ ದಿಕ್ಕು. ಆಗ ನೆಲದಲ್ಲಿ ಸಣ್ಣ ಓರೆಯಿದ್ದರೂ ಹೋದ ತಿಂಗಳಿಗೂ ಈ ತಿಂಗಳಿಗೂ ಇರುವ ವ್ಯತ್ಯಾಸ ಸರಿಯಾಗೇ ಸಿಗುತ್ತದೆ.

ಎರಡನೆಯದು ಬಿಸಿ. ಎಂಜಿನ್ ಎಣ್ಣೆ ಪ್ರತಿ ಡಿಗ್ರಿಗೆ ಸುಮಾರು ಹತ್ತು ಸಾವಿರಕ್ಕೆ ಏಳು ಪಾಲು ಹಿಗ್ಗುತ್ತದೆ. ಬೆಳಗಿನ 25 ಡಿಗ್ರಿಯಿಂದ 95ಕ್ಕೆ ಏರಿದರೆ ನೂರಕ್ಕೆ ಐದರಷ್ಟು. ಮೂರು ಲೀಟರ್ ಎಣ್ಣೆ ಹಿಡಿಸುವ ಸಣ್ಣ ಕಾರಿನಲ್ಲಿ ಇದು 150 ಮಿಲಿಲೀಟರ್, ತಲೆಕೆಡಿಸಿಕೊಳ್ಳಬೇಕಿಲ್ಲ. ಹತ್ತು ಲೀಟರ್ ಹಿಡಿಸುವ ಕಾರಿನಲ್ಲಿ ಅರ್ಧ ಲೀಟರ್. ಹಳೇ 911ರ ಕಡ್ಡಿಯ ಎರಡು ಗೆರೆಗಳ ನಡುವಿನ ಅಂತರವೇ ಒಂದೂವರೆ ಲೀಟರಿನ ಆಸುಪಾಸು, ಅಂದರೆ ಅದರ ಮೂರರಲ್ಲಿ ಒಂದು ಪಾಲು ಬರೀ ಬಿಸಿಯ ಆಟ. ಟ್ರ್ಯಾಕ್ಟರಿನಲ್ಲಿ ನಡೆದುಹೋಗುವ ಅಂದಾಜು ಸ್ಪೋರ್ಟ್ಸ್ ಕಾರಿನಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಕಡ್ಡಿಯನ್ನು ಓದುವ ಕಣ್ಣು. ಮೊದಲ ಸಲ ಎಳೆದದ್ದನ್ನು ಓದಲೇಬಾರದು, ಕೊಳವೆಯ ಗೋಡೆಗೆ ಅಂಟಿದ ಎಣ್ಣೆ ಕಡ್ಡಿಗೆ ಬಳಿದುಕೊಂಡಿರುತ್ತದೆ. ಒರೆಸಿ, ಪೂರ್ತಿ ಒಳಗೆ ತಳ್ಳಿ, ನಿಧಾನ ಎಳೆದು, ಎರಡೂ ಮುಖ ನೋಡಬೇಕು. ಒಂದು ಮುಖದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಮ್ಮಿ ಕಂಡರೆ ಕಮ್ಮಿಯದೇ ನಿಜ, ಹೆಚ್ಚಿನದು ಕೊಳವೆ ಬಳಿದದ್ದು. ಒರೆಸುವುದಕ್ಕೆ ದಾರ ಬಿಡದ ಬಟ್ಟೆ ಬೇಕು. ಗ್ಯಾರೇಜಿನ ನೂಲಿನ ವೇಸ್ಟಿನಿಂದ ಒರೆಸಿದರೆ ಎಳೆ ಕಡ್ಡಿಗಂಟಿ ಒಳಗೆ ಹೋಗುತ್ತದೆ. ಈಗಷ್ಟೇ ಬದಲಾಯಿಸಿದ ಎಣ್ಣೆ ನೀರಿನಷ್ಟು ತಿಳಿಯಾಗಿ ಗೆರೆಯೇ ಕಾಣದು, ಆಗ ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒದ್ದೆಯ ಹೊಳಪು ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಸ್ಕೂಟರಿನವರಿಗೆ ಇನ್ನೊಂದು ಮಾತು. ಆಕ್ಟಿವಾದಂಥ ಗಾಡಿಗಳಲ್ಲಿ ಕಡ್ಡಿಯ ಮುಚ್ಚಳವನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ಇಟ್ಟು ತೆಗೆಯಬೇಕು. ಬಿಗಿದರೆ ಕಡ್ಡಿ ಇನ್ನಷ್ಟು ಆಳಕ್ಕಿಳಿದು ಇಲ್ಲದ ಎಣ್ಣೆ ಇದೆಯೆಂದು ತೋರಿಸುತ್ತದೆ.

ಹಲವು ಹೊಸ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಪಾಡೇ ಇಲ್ಲ, ಏಕೆಂದರೆ ಕಡ್ಡಿಯೇ ಇಲ್ಲ. ಬಿಎಂಡಬ್ಲ್ಯು ಈ ಶತಮಾನದ ಮೊದಲ ದಶಕದಲ್ಲೇ ಹಲವು ಮಾದರಿಗಳಿಂದ ಕಡ್ಡಿ ಕಿತ್ತುಹಾಕಿತು, ಪೋರ್ಷೆಯೂ ಅದೇ ಹಾದಿ ಹಿಡಿಯಿತು. ಚೇಂಬರಿನ ತಳದಲ್ಲೊಂದು ಸೆನ್ಸರ್. ಕೆಲವು ಬಿಸಿಯಾದ ತಂತಿ ಎಷ್ಟು ಬೇಗ ಆರುತ್ತದೆಂದು ನೋಡಿ ಅಳೆಯುತ್ತವೆ, ಕೆಲವು ಕಿವಿಗೆ ಕೇಳದ ಶಬ್ದ ಎಣ್ಣೆಯ ಮೇಲ್ಮೈ ತಾಗಿ ಮರಳಲು ಹಿಡಿದ ಹೊತ್ತಿನಿಂದ. ಸ್ಟೀರಿಂಗಿನ ಮುಂದಿನ ಪರದೆಯಲ್ಲಿ ಪಟ್ಟಿಯಾಗಿ ಮಟ್ಟ ಮೂಡುತ್ತದೆ. ಕೈ ಕೊಳೆಯಾಗುವುದಿಲ್ಲ, ಕೊಳವೆಯ ಬಳಿತವಿಲ್ಲ, ಬಿಸಿ ಎಷ್ಟಿದೆಯೆಂದು ಅದಕ್ಕೇ ಗೊತ್ತು.

ಆದರೂ ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಸೆನ್ಸರ್ ಕೆಟ್ಟಾಗ ತಾಳೆ ನೋಡಲು ಇನ್ನೊಂದು ಸಾಧನವೇ ಇಲ್ಲ ಎಂಬುದು ಒಂದು. ಇನ್ನೊಂದು ಇದಕ್ಕಿಂತ ದೊಡ್ಡದು: ಈ ಯಂತ್ರಗಳಲ್ಲಿ ಅನೇಕವು ಆ ಕ್ಷಣದ ಮಟ್ಟ ತೋರಿಸುವುದಿಲ್ಲ. ಓಡುವಾಗ ತಿರುವು, ಬ್ರೇಕು, ಏರು ಇಲ್ಲದ ಹೊತ್ತು ಆರಿಸಿಕೊಂಡು ಹಲವು ಸಲ ಅಳೆದು ಸರಾಸರಿ ಕೊಡುತ್ತವೆ. ಅರ್ಧ ಲೀಟರ್ ಹಾಕಿ ಕೂತು ನೋಡಿದರೆ ಪಟ್ಟಿ ಅಲುಗುವುದಿಲ್ಲ. ಇನ್ನರ್ಧ ಲೀಟರ್ ಹಾಕಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ‘ಎಣ್ಣೆ ಹೆಚ್ಚಾಗಿದೆ’ ಎಂಬ ಎಚ್ಚರಿಕೆ ಬರುತ್ತದೆ. ಬಿಎಂಡಬ್ಲ್ಯುವಿನ ಹಲವು ಕಾರುಗಳಲ್ಲಿ ಮಾಲೀಕರೇ ಕೇಳಿ ಮಾಡಿಸಬಹುದಾದ ಅಳತೆಯೂ ಇದೆ. ಬಿಸಿ ಎಂಜಿನ್, ಮಟ್ಟಸ ನೆಲ, ಐಡಲ್, ಒಂದು ನಿಮಿಷದಷ್ಟು ಕಾಯುವಿಕೆ. ಟಾಪ್ ಅಪ್ ಮಾಡಿದ ಮೇಲೆ ನಂಬಬೇಕಾದ್ದು ಇದನ್ನೇ. ಕೊನೆಗೂ ಷರತ್ತುಗಳು ಹಳೇ 911ರವೇ ಆಗಿ ಉಳಿದವು ನೋಡಿ. ಸೆನ್ಸರಿಗೂ ಎಣ್ಣೆ ಎಲ್ಲಿ ನಿಂತಿದೆ ಎಂಬ ಪ್ರಶ್ನೆ ತಪ್ಪಲಿಲ್ಲ.

ಎಣ್ಣೆ ಕಮ್ಮಿಯಾಗುವುದಕ್ಕೆ ಹೆದರುವವರು ಹೆಚ್ಚಾಗುವುದಕ್ಕೆ ಹೆದರುವುದಿಲ್ಲ. ಹಾಕದೆಯೇ ಮಟ್ಟ ಏರಿದರೆ ಅದು ಕೆಟ್ಟ ಸುದ್ದಿ. 300 ಎಸ್ಎಲ್‌ನಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚುಚ್ಚುವ ಪಂಪು ಸ್ವಿಚ್ ಆಫ್ ಮಾಡಿದ ಮೇಲೂ ಎಂಜಿನ್ ಸುತ್ತು ನಿಲ್ಲುವವರೆಗೆ ಚುಚ್ಚುತ್ತಲೇ ಇರುತ್ತಿತ್ತು. ಉರಿಯದ ಪೆಟ್ರೋಲ್ ಗೋಡೆಯ ಎಣ್ಣೆ ತೊಳೆದು ಕೆಳಗಿಳಿದು ಎಣ್ಣೆಯನ್ನು ತೆಳುಮಾಡುತ್ತಿತ್ತು. ಅದರ ಮೊಮ್ಮಗನಂಥ ಸಮಸ್ಯೆ ಈಗ ನಮ್ಮ ಹಳ್ಳಿಗಳಲ್ಲೂ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಫಿಲ್ಟರು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಹೆಚ್ಚುವರಿ ಡೀಸೆಲ್ ಕೇಳುತ್ತದೆ. ಕೊಳಾಲದಿಂದ ಕೊರಟಗೆರೆಗೆ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಂತು, ಮತ್ತೆ ಮತ್ತೆ ಶುರುವಾಗಿ, ಒಂದಿಷ್ಟು ಡೀಸೆಲ್ ಎಣ್ಣೆಗೆ ಸೇರುತ್ತದೆ. ಕಡ್ಡಿ ಮೇಲಿನ ಗೆರೆ ದಾಟಿದ್ದು ಕಂಡು ‘ಪರವಾಗಿಲ್ಲ, ಭರ್ತಿಯಾಗಿದೆ’ ಎನ್ನುವುದು ತಪ್ಪು. ಮೂಸಿ ನೋಡಿ, ಡೀಸೆಲ್ ವಾಸನೆಯಿದ್ದರೆ ಎಣ್ಣೆ ಬದಲಾಯಿಸಬೇಕು. ಬಣ್ಣ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ನೀರು ಸೇರಿದೆ, ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಬೇಕು.

ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆ ದೀಪದ ಬಗ್ಗೆ ಎರಡೇ ಮಾತು. ಅದು ಮಟ್ಟದ ದೀಪವಲ್ಲ, ಒತ್ತಡದ್ದು. ಓಡುವಾಗ ಅದು ಹೊತ್ತಿಕೊಂಡರೆ ಮುಂದಿನ ಊರಿನವರೆಗೆ ಹೋಗೋಣ ಎನ್ನದೆ ಅಲ್ಲೇ ಆಫ್ ಮಾಡಬೇಕು. ಎಣ್ಣೆಯೆಲ್ಲ ಸೋರಿಹೋಗಿರಲೂಬಹುದು: ನೆಲಕ್ಕೆ ತಾಗುವಂತಿರುವ ಕಾರುಗಳ ಚೇಂಬರನ್ನೇ ನಮ್ಮ ಹಳ್ಳಿಗಳ ಹಂಪ್ಸು ಒಡೆಯಬಲ್ಲವು.

ಎಷ್ಟು ಎಣ್ಣೆ ಕುಡಿದರೆ ಸಹಜ? ಯುರೋಪಿನ ಹಲವು ಕಾರು ಕಂಪನಿಗಳು ಸಾವಿರ ಕಿಲೋಮೀಟರಿಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಸಹಜವೆಂದು ಮ್ಯಾನ್ಯುಯಲ್‌ನಲ್ಲೇ ಬರೆದುಕೊಂಡಿವೆ. ಮಾರುತಿ ಓಡಿಸಿ ರೂಢಿಯಾದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ ಇನ್ನೂ ಒಂದು ಹೆಜ್ಜೆ ಮುಂದೆ. ಒಳಗಿನ ಸೀಲುಗಳಿಗೆ ಜಾರಿಕೆ ಕೊಡಲು ಸಣ್ಣ ಪಂಪೊಂದು ಬೇಕೆಂದೇ ಎಣ್ಣೆಯನ್ನು ಉರಿಯುವ ಕೋಣೆಗೆ ಬಿಡುತ್ತದೆ. ಅಂಥ ಕಾರಿಗೆ ಸರ್ವೀಸಿನಿಂದ ಸರ್ವೀಸಿಗೆ ನೋಡಿದರೆ ಸಾಲದು, ಪೆಟ್ರೋಲ್ ತುಂಬಿಸಿದಾಗಲೆಲ್ಲ ಎಣ್ಣೆಯನ್ನೂ ನೋಡುವುದು ವಾಸಿ. ಕಂಪನಿ ಹೇಳಿದ ಮಿತಿಗಿಂತ ನಿಮ್ಮ ಕಾರಿನ ಸ್ವಂತ ಚಾಳಿ ಮುಖ್ಯ. ಸಾವಿರಕ್ಕೆ ಕಾಲು ಲೀಟರ್ ಕುಡಿಯುತ್ತಿದ್ದದ್ದು ಮುಕ್ಕಾಲಕ್ಕೆ ಏರಿದರೆ ಮಿತಿಯೊಳಗಿದ್ದರೂ ಏನೋ ಆಗಿದೆ. ಇದು ಗೊತ್ತಾಗಲು ಮೀಟರಿನ ಕಿಲೋಮೀಟರು, ನೋಡಿದ ಮಟ್ಟ, ಹಾಕಿದ ಎಣ್ಣೆ ಮೂರನ್ನೂ ಬರೆದಿಡಬೇಕು. ಲಾರಿ ಮಾಲೀಕರಿಗೆ ಈ ಅಭ್ಯಾಸವಿದೆ, ಕೋಟಿ ರೂಪಾಯಿ ಕಾರಿನವರಲ್ಲಿ ಕಮ್ಮಿ.

ಹಾಕುವಾಗ ಒಮ್ಮೆಗೆ 200 ಮಿಲಿಲೀಟರಿಗಿಂತ ಹೆಚ್ಚು ಬೇಡ, ಹಾಕಿ, ಇಳಿಯಲು ಬಿಟ್ಟು, ಅದೇ ಸ್ಥಿತಿಯಲ್ಲಿ ಮತ್ತೆ ನೋಡಬೇಕು. ಮೇಲಿನ ಗೆರೆ ಮುಟ್ಟಿಸಲೇಬೇಕೆಂಬ ಹಟವೂ ಬೇಡ, ಮುಕ್ಕಾಲು ಭಾಗಕ್ಕೆ ಬಂದರೆ ಸಾಕು. ಡ್ರೈ ಸಂಪ್ ಕಾರಿನಲ್ಲಿ ಎಣ್ಣೆ ಬದಲಾಯಿಸುವಾಗ ಕೂಲರಿನಲ್ಲಿ, ಪೈಪುಗಳಲ್ಲಿ ಹಳೆಯದು ಉಳಿದೇ ಇರುತ್ತದೆ. ಪುಸ್ತಕದ ಒಟ್ಟು ಲೆಕ್ಕದಷ್ಟು ಒಂದೇ ಸಲ ಸುರಿಯದೆ, ಮುಕ್ಕಾಲು ಪಾಲು ಹಾಕಿ, ಓಡಿಸಿ ಬಿಸಿ ಮಾಡಿ, ಆಮೇಲೆ ಕಡ್ಡಿ ನೋಡಿ ಮಿಕ್ಕದ್ದು ಹಾಕಬೇಕು. ಹೆಚ್ಚಾಗಿಯೇ ಹೋಯಿತೆನ್ನಿ, ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗನ್ನು ಕಾಯುವ ಶಕ್ತಿಯಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ ‘ಸ್ವಲ್ಪ’ ಇಳಿಸಲು ಹೋದರೆ ಬಿಸಿ ಎಣ್ಣೆ ಮೊಣಕೈವರೆಗೆ ಬರುತ್ತದೆ. ಅದರ ಬದಲು ಕಡ್ಡಿಯ ಕೊಳವೆಯಲ್ಲಿ ತೆಳ್ಳನೆಯ ಪೈಪು ಇಳಿಬಿಟ್ಟು ದೊಡ್ಡ ಸಿರಿಂಜಿನಿಂದ ಎಳೆಯಬಹುದು, ಅಳತೆಯೂ ಅಲ್ಲೇ ಸಿಗುತ್ತದೆ. ಹೀಗೆ ತೆಗೆದದ್ದನ್ನು ನಮ್ಮ ಕಡೆ ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯುವುದುಂಟು. ಆದರೆ ಬಳಸಿದ ಎಂಜಿನ್ ಎಣ್ಣೆಯನ್ನು ಸರ್ಕಾರದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿವೆ. ಅದು ಬೋರ್‌ವೆಲ್ಲಿನ ಹತ್ತಿರದ ಮಣ್ಣಿಗಂತೂ ಬೀಳಬಾರದು. ಡಬ್ಬಕ್ಕೆ ತುಂಬಿ, ಹಳೇ ಎಣ್ಣೆ ಕೊಳ್ಳುವವರಿಗೆ ಕೊಡುವ ಗ್ಯಾರೇಜಿನ ಡ್ರಮ್ಮಿಗೆ ಸೇರಿಸಿ.